ಮನೆಯ ತೊಟ್ಟಿಯಲ್ಲಿ ನಾಡಿನ ಮೀನು
(ಮೀನು–ಸೊಪ್ಪಿನ ಜೋಡಿ ಬೇಸಾಯ: ಕ್ರಮ, ಕಾನೂನು ಮತ್ತು ಆರೋಗ್ಯ)

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಸ್ಥಳಕ್ಕೆ ಅಭಾವವುಂಟು. ಹಸಿರಿನ ಹಂಬಲಕ್ಕೆ ಅಭಾವವಿಲ್ಲ. ಎರಡು ಕೋಣೆಯ ಮನೆಯ ಕಿಟಕಿಯ ಸರಳಿಗೆ ಬಸಳೆಯ ಬಳ್ಳಿಯನ್ನು ಹಬ್ಬಿಸಿದವರೂ, ಹಳೆಯ ಎಣ್ಣೆಡಬ್ಬಿಯಲ್ಲಿ ಕರಿಬೇವನ್ನೂ ಒಂದೆಲಗವನ್ನೂ ಬೆಳೆಸಿದವರೂ ನಮ್ಮ ನಡುವೆ ಹಲವರಿದ್ದಾರೆ. ಇಂಥವರ ಗಮನವನ್ನು ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಪದ್ಧತಿ ಸೆಳೆಯುತ್ತಿದೆ. ತೊಟ್ಟಿಯೊಂದರಲ್ಲಿ ಮೀನನ್ನು ಸಾಕಿ, ಅದೇ ನೀರನ್ನು ಜಲ್ಲಿಯ ಮಡಿಗೆ ಹರಿಸಿ ಸೊಪ್ಪನ್ನು ಬೆಳೆದು, ಶುದ್ಧವಾದ ನೀರನ್ನು ಮರಳಿ ಮೀನಿಗೇ ಒಪ್ಪಿಸುವ ಈ ಪದ್ಧತಿಗೆ ಅಕ್ವಾಪೋನಿಕ್ಸ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ‘ಜೋಡಿ ಬೇಸಾಯ’ ಎಂದು ಕರೆದಿದ್ದೇನೆ.

ಈ ಲೇಖಕನು ವಾಣಿಜ್ಯಶಾಸ್ತ್ರದ ಪದವೀಧರ. ವೃತ್ತಿಯಿಂದ ಬ್ಯಾಂಕಿನ ಅಧಿಕಾರಿ. ಜೀವಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವನಲ್ಲ. ಆದರೆ ಜೋಡಿ ಬೇಸಾಯದ ಬಗೆಗೆ ಓದುತ್ತ ಹೋದಂತೆ, ಇದು ಮೂಲತಃ ಜಮಾ–ಖರ್ಚಿನ ವಿದ್ಯೆಯೆಂಬುದು ಮನದಟ್ಟಾಯಿತು. ತೊಟ್ಟಿಗೆ ಏನು ಬಂದಿತು, ಏನು ಹೋಯಿತು, ಶಿಲ್ಕು ಎಷ್ಟು ಉಳಿಯಿತು ಎಂಬುದನ್ನು ಬಲ್ಲವನ ಮೀನು ಬದುಕುತ್ತದೆ. ಈ ಲೆಕ್ಕವು ತೊಟ್ಟಿಯ ಗೋಡೆಗೆ ಮುಗಿಯುವುದಿಲ್ಲ, ಹೊರಗಿನ ನದಿಯವರೆಗೂ ಮುಂದುವರಿಯುತ್ತದೆ ಎಂಬುದೇ ಪ್ರಸ್ತುತ ಲೇಖನದ ಮುಖ್ಯ ಪ್ರತಿಪಾದನೆ. ಸರಕಾರದ ಪರವಾನಗಿ ನಿಯಮಗಳು ಏಕಿವೆಯೆಂಬುದು ಆಗಲೇ ಅರ್ಥವಾಗುವುದು.

ಪದ್ಧತಿಯ ತತ್ತ್ವ

ಹೆಸರು ಹೊಸದಾದರೂ ತತ್ತ್ವ ನಮಗೆ ಹೊಸದಲ್ಲ. ಉತ್ತರ ಕನ್ನಡದ ಅಘನಾಶಿನಿಯ ಅಳಿವೆಯಲ್ಲಿ, ಕುಮಟೆಯ ಸುತ್ತಿನ ಗಜನಿ ಭೂಮಿಗಳಲ್ಲಿ, ಮಳೆಗಾಲದಲ್ಲಿ ಉಪ್ಪುನೀರನ್ನು ತಾಳಬಲ್ಲ ಕಗ್ಗ ಭತ್ತವನ್ನು ಬೆಳೆದು, ಕೊಯ್ಲಿನ ಬಳಿಕ ಅದೇ ಗದ್ದೆಗೆ ಅಳಿವೆಯ ನೀರನ್ನು ಬಿಟ್ಟು ಮೀನು–ಸೀಗಡಿಗಳನ್ನು ಪಡೆಯುವ ರೂಢಿ ಹಳೆಯದು. ಭತ್ತದ ಕೂಳೆ ಕೊಳೆತು ಮೀನಿಗೆ ಮೇವಾಗುತ್ತದೆ. ಮೀನಿನ ಮಲ ಮುಂದಿನ ಭತ್ತಕ್ಕೆ ಗೊಬ್ಬರವಾಗುತ್ತದೆ. ಕೇರಳದ ಪೊಕ್ಕಾಳಿ ಗದ್ದೆಗಳೂ ಇದೇ ಬಗೆಯವು. ಈ ವಿನಿಮಯವನ್ನು ಪಂಪು ಮತ್ತು ಕೊಳವೆಗಳ ಮೂಲಕ ವರ್ಷವಿಡೀ ನಡೆಯುವಂತೆ ಮಾಡಿದುದೇ ಆಧುನಿಕ ಜೋಡಿ ಬೇಸಾಯ. 1980ರ ದಶಕದಲ್ಲಿ ಅಮೆರಿಕದ ವರ್ಜಿನ್ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಕೋಸಿಯವರು ಇದರ ವ್ಯವಸ್ಥಿತ ಪ್ರಯೋಗಗಳನ್ನು ನಡೆಸಿದರು.

ನೀರಿನೊಳಗೆ ನಡೆಯುವ ಕಾರ್ಯ ಹೀಗಿದೆ. ಮೀನು ತಿಂದ ಆಹಾರದಲ್ಲಿರುವ ಸಾರಜನಕದ ಬಹುಭಾಗ ಅದರ ಕಿವಿರಿನ ಮೂಲಕವೂ ಮಲದ ಮೂಲಕವೂ ಹೊರಬಿದ್ದು ಅಮೋನಿಯವಾಗುತ್ತದೆ. ಅಮೋನಿಯ ಮೀನಿಗೆ ವಿಷ. ಆದರೆ ಜಲ್ಲಿಯ ಮೈಗೆ ಅಂಟಿಕೊಂಡು ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಮತ್ತೊಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇದು ಮೀನಿಗೆ ಹೆಚ್ಚು ಬಾಧಕವಲ್ಲ, ಗಿಡಕ್ಕಂತೂ ಮೃಷ್ಟಾನ್ನ. ಕಣ್ಣಿಗೆ ಕಾಣದ ಈ ಗುಮಾಸ್ತರು ಹಗಲಿರುಳೂ ದುಡಿದರೆ ಮಾತ್ರ ಮೀನು ಮತ್ತು ಗಿಡಗಳ ನಡುವಣ ವ್ಯವಹಾರ ಸಾಗುತ್ತದೆ. ಆದುದರಿಂದ ಜೋಡಿ ಬೇಸಾಯಗಾರನು ಮೊದಲು ಸಾಕಬೇಕಾದುದು ಮೀನನ್ನಲ್ಲ, ಸೊಪ್ಪನ್ನೂ ಅಲ್ಲ, ಈ ಬ್ಯಾಕ್ಟೀರಿಯಾಗಳನ್ನು.

ಒಂದು ಲೆಕ್ಕದ ಉದಾಹರಣೆ

500 ಲೀಟರ್ ನೀರು ಹಿಡಿಯುವ ತೊಟ್ಟಿಯನ್ನು ತೆಗೆದುಕೊಳ್ಳೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2014ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಸಣ್ಣ ಪ್ರಮಾಣದ ವ್ಯವಸ್ಥೆಯಲ್ಲಿ 1,000 ಲೀಟರಿಗೆ 10ರಿಂದ 20 ಕಿಲೋ ಮೀನು ಇರಬಹುದು. ಹೊಸಬರಿಗೆ ಕೆಳಗಿನ ಮಿತಿಯೇ ಕ್ಷೇಮಕರ. ಅಂದರೆ ನಮ್ಮ ತೊಟ್ಟಿಗೆ, ಮೀನು ಪೂರ್ಣ ಬೆಳೆದಾಗ, ಒಟ್ಟು 5 ಕಿಲೋ ಮಾತ್ರ.

ಬೆಳೆದ ಮೀನು ದಿನವೊಂದಕ್ಕೆ ತನ್ನ ತೂಕದ ನೂರಕ್ಕೆ ಒಂದರಿಂದ ಎರಡು ಪಾಲಿನಷ್ಟು ಆಹಾರ ತಿನ್ನುತ್ತದೆ. ನೂರಕ್ಕೆ ಒಂದೂವರೆ ಎಂದು ಹಿಡಿದರೆ 5 ಕಿಲೋ ಮೀನಿಗೆ 75 ಗ್ರಾಂ. ಸೊಪ್ಪಿನ ಬೆಳೆಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ ಸರಿಹೊಂದುತ್ತದೆಂದು ಅದೇ ಕೈಪಿಡಿ ತಿಳಿಸುತ್ತದೆ. ಆದುದರಿಂದ 75 ಗ್ರಾಂ ಆಹಾರಕ್ಕೆ ಸುಮಾರು ಒಂದೂವರೆ ಚದರ ಮೀಟರ್ ಸೊಪ್ಪಿನ ಮಡಿ ಬೇಕು. ಟೊಮೇಟೊ, ಮೆಣಸಿನಕಾಯಿಗಳಂಥ ಕಾಯಿಬೆಳೆಗಳಿಗೆ ಚದರ ಮೀಟರಿಗೆ 50ರಿಂದ 80 ಗ್ರಾಂ ಬೇಕಾಗುವುದರಿಂದ ಮಡಿಯ ವಿಸ್ತಾರ ಅಷ್ಟಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ.

ಈಗ ಸಾರಜನಕದ ಖಾತೆಯನ್ನು ನೋಡೋಣ. ಆಹಾರದಲ್ಲಿ ನೂರಕ್ಕೆ 32 ಪಾಲು ಪ್ರೋಟೀನು ಇದ್ದರೆ 75 ಗ್ರಾಂನಲ್ಲಿ 24 ಗ್ರಾಂ ಪ್ರೋಟೀನು ಇರುತ್ತದೆ. ಪ್ರೋಟೀನಿನಲ್ಲಿ ನೂರಕ್ಕೆ 16 ಪಾಲು ಸಾರಜನಕ. ಅಂದರೆ ದಿನಕ್ಕೆ 3.84 ಗ್ರಾಂ ಜಮೆಯಾಯಿತು. ಇದರಲ್ಲಿ ಕಾಲು ಭಾಗದಿಂದ ಮೂರರಲ್ಲೊಂದು ಭಾಗ ಮೀನಿನ ಮೈಗೂಡುತ್ತದೆ. ಉಳಿದ ಎರಡೂವರೆ ಗ್ರಾಂಗೂ ಹೆಚ್ಚು ಸಾರಜನಕ ಪ್ರತಿದಿನವೂ ನೀರಿಗೂ ತಳದ ಮಲಕ್ಕೂ ಸೇರುತ್ತದೆ. ಅದನ್ನು ಖರ್ಚು ಹಾಕಲು ಗಿಡಗಳಿಲ್ಲದಿದ್ದರೆ ಶಿಲ್ಕು ಬೆಳೆಯುತ್ತದೆ. ಬ್ಯಾಂಕಿನಲ್ಲಿ ಶಿಲ್ಕು ಬೆಳೆದರೆ ಸಂತೋಷ. ತೊಟ್ಟಿಯಲ್ಲಿ ಬೆಳೆದರೆ ಮರಣ. ಮೀನು ಹಸಿದಂತೆ ಕಾಣುತ್ತದೆಂದು ಮನೆಮಂದಿಯೆಲ್ಲ ಒಬ್ಬರ ಬಳಿಕ ಒಬ್ಬರು ಹಿಡಿಹಿಡಿ ಆಹಾರ ಹಾಕುವುದು ಏಕೆ ಕೂಡದೆಂಬುದಕ್ಕೆ ಈ ಲೆಕ್ಕವೇ ಉತ್ತರ. ಹದಿನೈದು ನಿಮಿಷದಲ್ಲಿ ತಿಂದು ಮುಗಿಸದ ಆಹಾರವನ್ನು ಬಲೆಯಿಂದ ಎತ್ತಿಬಿಡಬೇಕು.

ಇನ್ನೊಂದು ಬಾಬನ್ನು ಮರೆಯಬಾರದು. ಅಮೋನಿಯದ ರೂಪದಲ್ಲಿರುವ ಪ್ರತಿಯೊಂದು ಗ್ರಾಂ ಸಾರಜನಕವೂ ನೈಟ್ರೇಟಾಗುವಾಗ ನೀರಿನಲ್ಲಿರುವ ಕ್ಷಾರೀಯತೆಯಲ್ಲಿ ಸುಮಾರು 7 ಗ್ರಾಂ ಸುಣ್ಣಕಲ್ಲಿಗೆ ಸಮನಾದಷ್ಟು ವ್ಯಯವಾಗುತ್ತದೆ. ಆದುದರಿಂದ ದಿನ ಕಳೆದಂತೆ ನೀರು ಹುಳಿಯ ಕಡೆಗೆ ಜಾರುತ್ತದೆ. ಪಿ.ಹೆಚ್. ಬೆಲೆ 6ಕ್ಕೆ ಇಳಿದರೆ ಬ್ಯಾಕ್ಟೀರಿಯಾಗಳ ಕೆಲಸ ಬಹಳ ಕುಂದುತ್ತದೆ. ತೆಳುಬಟ್ಟೆಯ ಚೀಲದಲ್ಲಿ ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಕಟ್ಟಿ ತೊಟ್ಟಿಯಲ್ಲಿ ಇಳಿಬಿಟ್ಟರೆ ಅವು ಮೆಲ್ಲನೆ ಕರಗಿ ಈ ಕೊರತೆಯನ್ನು ತುಂಬುತ್ತವೆ. ಪಿ.ಹೆಚ್. 6.8ರಿಂದ 7.2ರವರೆಗೆ ಇದ್ದರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂವರಿಗೂ ಒಪ್ಪಿಗೆ.

ಮೊದಲ ನಲವತ್ತು ದಿನಗಳು

ತೊಟ್ಟಿ ತಂದ ದಿನವೇ ಮೀನನ್ನು ಬಿಡುವವರು ಬಹಳ. ಆ ಮೀನು ವಾರ ಎರಡು ವಾರದಲ್ಲಿ ಸಾಯುತ್ತದೆ, ದೋಷ ಮೀನಿನದಲ್ಲ. ನಗರಸಭೆಯ ನಲ್ಲಿನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ಅಗಲಬಾಯಿಯ ಪಾತ್ರೆಯಲ್ಲಿ ಗಾಳಿಗೊಡ್ಡಿ ಒಂದೆರಡು ದಿನ ಇಟ್ಟ ಮೇಲೆಯೇ ಬಳಸಬೇಕು. ಅನಂತರ ಮೀನಿಲ್ಲದ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಪಂಪನ್ನು ನಡೆಸುತ್ತಿರಬೇಕು. ಆಹಾರ ಕೊಳೆತು ಅಮೋನಿಯ ಹುಟ್ಟುತ್ತದೆ. ಅದನ್ನು ನಂಬಿ ಬ್ಯಾಕ್ಟೀರಿಯಾಗಳು ನೆಲೆಗೊಳ್ಳುತ್ತವೆ. ಮೊದಲು ಅಮೋನಿಯ ಏರಿ ಇಳಿಯುತ್ತದೆ. ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ. ಕೊನೆಗೆ ನೈಟ್ರೇಟ್ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾ ದ್ರಾವಣಗಳಿಂದ ಇವನ್ನು ಅಳೆದು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಬೇಕು. ಅಮೋನಿಯ, ನೈಟ್ರೈಟ್ ಎರಡೂ ಶೂನ್ಯಕ್ಕಿಳಿದ ಮೇಲೆ, ಉದ್ದೇಶಿಸಿದ ಮರಿಗಳಲ್ಲಿ ಕಾಲು ಭಾಗವನ್ನು ಮಾತ್ರ ಮೊದಲು ಬಿಡಬೇಕು.

ಪಂಪು ನಿಂತರೆ ನೀರಿನಲ್ಲಿ ಆಮ್ಲಜನಕ ಕುಸಿಯುತ್ತದೆ. ಅದು ಲೀಟರಿಗೆ 5 ಮಿಲಿಗ್ರಾಂಗಿಂತ ಮೇಲಿರುವುದು ಲೇಸು. ವಿದ್ಯುತ್ ಹೋದಾಗ ತಾನಾಗಿ ನಡೆಯುವ, ಬ್ಯಾಟರಿಯ ಸಣ್ಣ ಗಾಳಿಪಂಪು ಇರಲೇಬೇಕು. 20 ವಾಟಿನ ನೀರಿನ ಪಂಪು ಹಗಲಿರುಳು ನಡೆದರೆ ತಿಂಗಳಿಗೆ 14–15 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಆಹಾರ, ವಿದ್ಯುತ್, ತೊಟ್ಟಿಯ ಸವಕಳಿ ಇವನ್ನೆಲ್ಲ ಲೆಕ್ಕ ಹಾಕಿದರೆ ಮನೆಯ ಮಟ್ಟದ ಜೋಡಿ ಬೇಸಾಯದಿಂದ ಲಾಭ ನಿರೀಕ್ಷಿಸುವಂತಿಲ್ಲ. ತಾಜಾ ಸೊಪ್ಪು, ಮಕ್ಕಳಿಗೆ ವಿಜ್ಞಾನದ ಪಾಠ, ಮನಸ್ಸಿಗೆ ನೆಮ್ಮದಿ ಇವೇ ಇದರ ಬಡ್ಡಿ.

ಕಾವೇರಿಯ ಪಾಠ

ಇನ್ನು ಯಾವ ಮೀನು ಎಂಬ ಪ್ರಶ್ನೆ. ನಾಲ್ಕು ಗೋಡೆಯ ನಡುವಿನ ತೊಟ್ಟಿಯಲ್ಲಿ ಯಾವ ಮೀನಿದ್ದರೇನು, ಸರಕಾರಕ್ಕೆ ಇದರಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಕಾವೇರಿಯೇ ಕೊಡುತ್ತಾಳೆ.

ಕಾವೇರಿಯಲ್ಲಿ ಬಿಳಿಮೀನು ಎಂದು ಕರೆಯಲ್ಪಡುವ, ಬೆನ್ನಿನ ಮೇಲೆ ಡುಬ್ಬವುಳ್ಳ ಮಹಶೀರ್ ಮೀನು ಜಗತ್ಪ್ರಸಿದ್ಧವಾಗಿತ್ತು. 1946ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡು ತೂಗಿತು. ಮತ್ತೊಂದು ಕಡೆ, ಪುಣೆಯ ಬಳಿಯ ಮುಳಾ ನದಿಯಿಂದ 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ವಿವರಿಸಿದ ನೀಲಿ ರೆಕ್ಕೆಯ ಮಹಶೀರ್ ಉಂಟು. ಇದನ್ನು ಅಳಿವಿನಿಂದ ಉಳಿಸಬೇಕೆಂಬ ಸದುದ್ದೇಶದಿಂದ 1970ರ ದಶಕದಲ್ಲಿ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ಮರಿ ಮಾಡಿಸಲು ತೊಡಗಿದರು. ಆ ಮರಿಗಳನ್ನು ದೇಶದ ಹಲವು ನದಿಗಳಿಗೆ ಹಂಚಲಾಯಿತು, ಕಾವೇರಿಗೂ ಬಿಡಲಾಯಿತು.

ಪರಿಣಾಮ ದಶಕಗಳ ಬಳಿಕ ಕಂಡಿತು. ಕಾವೇರಿಯಲ್ಲಿ ಗಾಳಕ್ಕೆ ಬೀಳುವ ಮಹಶೀರ್‌ಗಳಲ್ಲಿ ನೀಲಿ ರೆಕ್ಕೆಯದೇ ಹೆಚ್ಚುತ್ತ, ಡುಬ್ಬದ ಬಿಳಿಮೀನು ಅಪರೂಪವಾಗುತ್ತ ಬಂದುದನ್ನು ಮೀನು ಹಿಡಿಯುವ ಶಿಬಿರಗಳ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. 2018ರಲ್ಲಿ ಡುಬ್ಬದ ಬಿಳಿಮೀನಿನ ಶಾಸ್ತ್ರೀಯ ನಾಮವು ಟಾರ್ ರೆಮದೇವಿ ಎಂದು ನಿರ್ಧಾರವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವ ದುಷ್ಟತನ ಇವೂ ಅದರ ಅವನತಿಗೆ ಕಾರಣಗಳೇ. ಆದರೆ ನೆಂಟನಾಗಿ ಬಂದ ಮೀನಿನ ಪಾತ್ರವನ್ನು ಅಲ್ಲಗಳೆಯುವಂತಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನೀಲಿ ರೆಕ್ಕೆಯ ಮಹಶೀರ್ ಪರದೇಶದ್ದಲ್ಲ, ಅಪ್ಪಟ ಭಾರತೀಯ. ಆದರೂ ಕಾವೇರಿಗೆ ಅದು ಹೊರಗಿನದು. ನಮಗೆ ದೇಶ, ರಾಜ್ಯಗಳ ಗಡಿಗಳಿವೆ. ಮೀನಿಗೆ ಅದರ ನದಿಯೇ ದೇಶ. ಗಂಗಾ–ಬ್ರಹ್ಮಪುತ್ರಾ ನದಿಗಳ ರೋಹು, ಕಾಟ್ಲ, ಮೃಗಾಲ ಮೀನುಗಳು ಇಂದು ದಕ್ಷಿಣದ ಎಲ್ಲ ಕೆರೆಗಳಲ್ಲಿಯೂ ಇವೆಯಾದರೂ ಮೂಲತಃ ಇಲ್ಲಿಯವಲ್ಲ. ದಿಲ್ಲಿಯಲ್ಲಿರುವ ಕನ್ನಡಿಗನಿಗೆ ರೋಹು ಸ್ಥಳೀಯ ಮೀನು, ಚೆನ್ನೈಯಲ್ಲಿರುವವನಿಗೆ ವಲಸಿಗ. ಕೃಷಿಮೀನುಗಳಾಗಿ ಇವುಗಳಿಗೆ ಎಲ್ಲೆಡೆಯೂ ಮಾನ್ಯತೆಯಿದೆ. ಆದರೆ ತೊಟ್ಟಿಯಿಂದ ಹೊಳೆಗೆ ದಾಟಿಸುವ ಅಧಿಕಾರ ನಮಗಿಲ್ಲ.

ಪರದೇಶದ ಮೀನುಗಳ ಕಥೆ ಇನ್ನೂ ಕಹಿ. 1952ರಲ್ಲಿ ಆಫ್ರಿಕಾ ಮೂಲದ ಮೊಜಾಂಬಿಕ್ ತಿಲಾಪಿಯ ಭಾರತಕ್ಕೆ ಬಂದಿತು. ನಮ್ಮ ಕಡೆ ‘ಜಿಲೇಬಿ’ ಎಂದು ಮಾರಾಟವಾಗುವುದು ಇದರ ಬಳಗವೇ. ಬಾಯಿಯಲ್ಲಿ ಮರಿಗಳನ್ನು ಕಾಪಾಡಿ, ಸಣ್ಣ ಪ್ರಾಯದಲ್ಲಿಯೇ ಮರಿಮಾಡಿ, ಇದು ದಕ್ಷಿಣದ ಅಸಂಖ್ಯ ಕೆರೆಗಳನ್ನು ಆಕ್ರಮಿಸಿತು. ಮನೆಯ ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ತಂದ, ದಕ್ಷಿಣ ಅಮೆರಿಕದ ‘ಸಕರ್’ ಮೀನು ದೊಡ್ಡದಾದಾಗ ಬೇಸತ್ತು ಕೆರೆಗೆ ಬಿಟ್ಟವರಿಂದಾಗಿ ಇಂದು ಆಂಧ್ರ, ತೆಲಂಗಾಣ, ತಮಿಳುನಾಡುಗಳ ಜಲಾಶಯಗಳಲ್ಲಿ ಅದು ಹರಡಿದೆ. ಅದರ ಮುಳ್ಳಿನ ಚಿಪ್ಪಿಗೆ ಸಿಕ್ಕಿ ಬಡ ಬೆಸ್ತರ ಬಲೆಗಳು ಹರಿಯುತ್ತಿವೆ. ಒಂದು ಮನೆಯವರ ಕ್ಷಣಿಕ ಕನಿಕರಕ್ಕೆ ಬೆಲೆ ತೆತ್ತವರು ಬೇರೆಯವರು.

ಕಾನೂನು ಏನೆನ್ನುತ್ತದೆ?

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಮೀನುಗಾರಿಕೆ ರಾಜ್ಯಗಳ ವಿಷಯ. ಆದುದರಿಂದ ಮುಂಬಯಿಯಲ್ಲಿರುವವರು ಮಹಾರಾಷ್ಟ್ರದ, ಹೈದರಾಬಾದಿನವರು ತೆಲಂಗಾಣದ, ಚೆನ್ನೈಯವರು ತಮಿಳುನಾಡಿನ ಮೀನುಗಾರಿಕೆ ಇಲಾಖೆಯ ನಿಯಮಗಳನ್ನು ವಿಚಾರಿಸಬೇಕು. ಊರಿನಲ್ಲಿ ಅಣ್ಣನೋ ಭಾವನೋ ಮಾಡಿದಂತೆ ಇಲ್ಲಿಯೂ ಮಾಡಬಹುದೆಂದು ತಿಳಿಯುವುದು ಸರಿಯಲ್ಲ. ಇಡೀ ದೇಶಕ್ಕೆ ಅನ್ವಯಿಸುವ ಕೆಲವು ಮುಖ್ಯಾಂಶಗಳು ಹೀಗಿವೆ:

1. ಥಾಯ್ ಮಾಗೂರ್ ಎಂಬ ಆಫ್ರಿಕಾ ಮೂಲದ ಮೀನಿನ ಸಾಕಣೆಯನ್ನು ಕೇಂದ್ರ ಸರಕಾರ 2000ರಲ್ಲಿ ನಿಷೇಧಿಸಿದೆ. ಸಿಕ್ಕಿದ್ದನ್ನೆಲ್ಲ ತಿಂದು ಕೆಸರಿನಲ್ಲಿಯೂ ಬದುಕುವ ಈ ಮೀನು ಇಂದಿಗೂ ಕದ್ದು ಮಾರಾಟವಾಗುತ್ತಿದೆ. ಇದರ ಮರಿಗೂ ನಮ್ಮ ದೇಶದ ಮಾಗೂರ್ ಮರಿಗೂ ಇರುವ ವ್ಯತ್ಯಾಸ ಸಾಮಾನ್ಯರ ಕಣ್ಣಿಗೆ ತಿಳಿಯದು. ಸರಕಾರಿ ಮೀನುಮರಿ ಕೇಂದ್ರದ ಹೊರತು ಬೇರೆಲ್ಲಿಯೂ ಮಾಗೂರ್ ಮರಿಗಳನ್ನು ಕೊಳ್ಳದಿರುವುದು ಜಾಣತನ.

2. ತಿಲಾಪಿಯ ಸಾಕಣೆಗೆ ರಾಜ್ಯದ ಮೀನುಗಾರಿಕೆ ಇಲಾಖೆಯ ಪೂರ್ವಾನುಮತಿ ಬೇಕು. ಒಂದೇ ಲಿಂಗದ ಮರಿಗಳು, ಮೀನು ಹೊರಹೋಗದಂಥ ಜಾಲರಿ ಮುಂತಾದ ನಿಬಂಧನೆಗಳೂ ಇರುತ್ತವೆ. ಪರದೇಶದ ಜೋಡಿ ಬೇಸಾಯದ ಪುಸ್ತಕಗಳೆಲ್ಲವೂ ತಿಲಾಪಿಯವನ್ನೇ ಹೊಗಳುತ್ತವೆ. ಅವು ನಮ್ಮ ಕಾನೂನಿಗಾಗಿ ಬರೆದವಲ್ಲ.

3. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಪಶ್ಚಿಮ ಘಟ್ಟದ ಹೊಳೆಗಳ, ‘ಮಿಸ್ ಕೇರಳ’ ಎಂದು ಹೆಸರಾದ ಕೆಂಪುಗೆರೆಯ ಸುಂದರ ಮೀನು ಈ ತಿದ್ದುಪಡಿಯಿಂದ ಸಂರಕ್ಷಿತ ಪಟ್ಟಿಗೆ ಸೇರಿದೆ. ನಾಡಿನ ಮೀನು ಎಂದ ಮಾತ್ರಕ್ಕೆ ಸಾಕಬಹುದೆಂದು ಅರ್ಥವಲ್ಲ.

4. ಇದೇ ಕಾಯಿದೆಯ ನಾಲ್ಕನೆಯ ಅನುಸೂಚಿಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದಕ್ಕೆ ಒಳಪಟ್ಟ ಜೀವಿಗಳಿವೆ; ಅದೃಷ್ಟದ ಮೀನೆಂದು ಸಾವಿರಾರು ರೂಪಾಯಿ ತೆತ್ತು ಕೊಳ್ಳುವ ಏಷ್ಯಾದ ಅರೋವಾನ ಅವುಗಳಲ್ಲೊಂದು. ಇಂಥವನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಸರಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು.

5. ನದಿ, ಕೆರೆ, ಜಲಾಶಯಗಳಿಂದ ಮೀನನ್ನು ಹಿಡಿಯಲು ಆಯಾ ರಾಜ್ಯದ ಪರವಾನಗಿ ನಿಯಮಗಳಿವೆ. ಕರ್ನಾಟಕದಲ್ಲಿ 1996ರ ಒಳನಾಡು ಮೀನುಗಾರಿಕೆ ಕಾಯಿದೆಯಿದೆ. ರಜೆಯಲ್ಲಿ ಊರಿಗೆ ಹೋದಾಗ ಹೊಳೆಯ ಮರಿಗಳನ್ನು ಬಾಟಲಿಯಲ್ಲಿ ತುಂಬಿ ತರುವ ಹವ್ಯಾಸವನ್ನು ಬಿಡಬೇಕು.

6. ಬೆಳೆದುದನ್ನು ಮನೆಯಲ್ಲಿ ಉಣ್ಣುವುದು ಬೇರೆ, ಮಾರುವುದು ಬೇರೆ. ಮಾರಾಟಕ್ಕೆ ತೊಡಗಿದರೆ ಆಹಾರ ಸುರಕ್ಷತೆಯ ನೋಂದಣಿ ಮುಂತಾದ ಬಾಧ್ಯತೆಗಳು ಬರಬಹುದು.

ಮರಿಗಳನ್ನು ಕೊಳ್ಳುವಾಗ ಮೀನಿನ ಶಾಸ್ತ್ರೀಯ ನಾಮವನ್ನು ನಮೂದಿಸಿದ ರಸೀದಿಯನ್ನು ಕೇಳಿ ಪಡೆಯಬೇಕು. ಸಾಲದ ಕಡತದಲ್ಲಿ ದಸ್ತೈವಜಿಗೆ ಎಷ್ಟು ಬೆಲೆಯೋ ಇಲ್ಲಿ ಆ ಚೀಟಿಗೆ ಅಷ್ಟೇ ಬೆಲೆ. ಹೆಸರು ಹೇಳಲು ಹಿಂಜರಿಯುವ ವ್ಯಾಪಾರಿಯ ಬಳಿ ವ್ಯವಹಾರವೇ ಬೇಡ. ಸಂಶಯವಿದ್ದರೆ ಕೇಳಲು ಸಂಸ್ಥೆಗಳಿವೆ: ಮುಂಬಯಿಯ ವರ್ಸೋವಾದಲ್ಲಿ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ, ಹೈದರಾಬಾದಿನಲ್ಲಿ 2006ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿ, ಚೆನ್ನೈಯಲ್ಲಿ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ. ಊರಿಗೆ ಹೋಗಿಬರುವವರಿಗೆ 1969ರಿಂದ ನಡೆಯುತ್ತಿರುವ ಮಂಗಳೂರಿನ ಮೀನುಗಾರಿಕೆ ಕಾಲೇಜು, ಬೆಂಗಳೂರಿನ ಹೆಸರಘಟ್ಟದ ಸಿಹಿನೀರು ಜಲಕೃಷಿ ಕೇಂದ್ರಗಳೂ ಇವೆ.

ನಮಗೆ ಒಪ್ಪುವ ಮೀನುಗಳು

ಹಾಗಾದರೆ ಯಾವುದನ್ನು ಸಾಕುವುದು? ನಮ್ಮ ಸಂಘದ ಸದಸ್ಯರಲ್ಲಿ ಮೀನನ್ನು ಮುಟ್ಟದವರೂ ಇದ್ದಾರೆ, ಮೀನಿಲ್ಲದೆ ಊಟ ಸೇರದವರೂ ಇದ್ದಾರೆ. ಇಬ್ಬರಿಗೂ ಈ ಪದ್ಧತಿ ಸಲ್ಲುತ್ತದೆ.

ಮೀನು ತಿನ್ನದವರು ಸಣ್ಣ ಮೀನುಗಳನ್ನು ಗೊಬ್ಬರದ ದಾತರೆಂದೇ ಸಾಕಬಹುದು. ತಲೆಯ ಮೇಲೆ ಬೆಳ್ಳಿಯ ಚುಕ್ಕೆ ಹೊತ್ತ ಪಂಚಾಕ್ಸ್ ದಕ್ಷಿಣ ಭಾರತದ್ದೇ ಆದ ಮೀನು. ನೀರಿನ ಮೇಲ್ಮೈಯಲ್ಲಿ ತೇಲುತ್ತ ಸೊಳ್ಳೆಯ ಮರಿಗಳನ್ನು ಹೆಕ್ಕಿ ತಿನ್ನುತ್ತದೆ. ಸೊಳ್ಳೆ ನಿಯಂತ್ರಣಕ್ಕೆಂದು ಎಲ್ಲೆಡೆ ಬಿಡುವ ಗಪ್ಪಿ ಮತ್ತು 1928ರಲ್ಲಿ ಬಂದ ಗಂಬೂಸಿಯ ಎರಡೂ ಅಮೆರಿಕ ಖಂಡಗಳವು. ಅವು ಮಾಡುವ ಕೆಲಸವನ್ನು ನಮ್ಮದೇ ಮೀನು ಮಾಡಬಲ್ಲುದು. ಕರ್ನಾಟಕ–ಕೇರಳದ ಪಶ್ಚಿಮಕ್ಕೆ ಹರಿಯುವ ಹೊಳೆಗಳಲ್ಲಿರುವ, ಬೆನ್ನಿನ ರೆಕ್ಕೆಯಿಂದ ಉದ್ದನೆಯ ಎಳೆಗಳು ಹೊರಟಿರುವ ಫಿಲಮೆಂಟ್ ಬಾರ್ಬ್ ಕೂಡ ಗುಂಪಿನಲ್ಲಿ ಸೊಗಸಾಗಿ ಬಾಳುತ್ತದೆ. ಮರಿಕೇಂದ್ರದಲ್ಲಿ ಬೆಳೆದವನ್ನೇ ಆರಿಸಬೇಕು.

ತಿನ್ನುವವರಿಗೆ ರೋಹು ಸುಲಭವಾಗಿ ದೊರೆಯುತ್ತದೆ. ಆದರೆ ಅದು ದೊಡ್ಡ ಮೀನು. 500 ಲೀಟರಿನಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಬೇಡ. ಅರ್ಧ ಕಿಲೋ ಮುಟ್ಟುವ ಮೊದಲೇ ಅಡಿಗೆಮನೆಗೆ ಹೋಗಬೇಕು. ಕರಾವಳಿಯವರಿಗೆ ಪ್ರಿಯವಾದ ಕರಿಮೀನು ಉಪ್ಪುನೀರು ಸಿಹಿನೀರು ಎರಡರಲ್ಲಿಯೂ ಬಾಳುತ್ತದೆ. ಕೇರಳ ಅದನ್ನು 2010ರಲ್ಲಿ ರಾಜ್ಯದ ಮೀನೆಂದು ಘೋಷಿಸಿತು. ಬೆಳವಣಿಗೆ ನಿಧಾನ, ತಾಳ್ಮೆಯುಳ್ಳವರಿಗೆ ತಕ್ಕುದು.

ಸೊಪ್ಪುಗಳಲ್ಲಿ ಹರಿವೆ, ದಂಟು, ಪಾಲಕ್, ಬಸಳೆ, ಪುದೀನ, ಒಂದೆಲಗಗಳು ಚೆನ್ನಾಗಿ ಒಗ್ಗುತ್ತವೆ. ಎಳೆಯ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆಯೆಂದು ತಿಳಿಯಬೇಕು; ಮೀನಿನ ಆಹಾರದಲ್ಲಿ ಅದು ಕಡಿಮೆ. ಗಿಡಗಳಿಗೆಂದೇ ಮಾರುವ ಕಬ್ಬಿಣದ ಚಿಲೇಟ್ ಪುಡಿಯನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದರೆ ಸರಿಹೋಗುತ್ತದೆ.

ಕಟ್ಟಡ ಮತ್ತು ನೆರೆಹೊರೆ

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಎರಡು ಅಡಿ ಆಳದ ತೊಟ್ಟಿ ಚದರ ಮೀಟರಿಗೆ 600 ಕಿಲೋ ಭಾರ ಹೇರುತ್ತದೆ. ಭಾರತೀಯ ಮಾನಕದಂತೆ ವಾಸದ ಕೋಣೆಗಳ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ, ಓಡಾಡುವ ತಾರಸಿಯನ್ನು ಸುಮಾರು 150 ಕಿಲೋ ಭಾರಕ್ಕಾಗಿ ರೂಪಿಸಲಾಗುತ್ತದೆ. ನಮ್ಮ ಉದಾಹರಣೆಯ 500 ಲೀಟರ್ ನೀರು ಮತ್ತು ಒಂದಡಿ ಆಳದ ಒದ್ದೆ ಜಲ್ಲಿಯ ಮಡಿ ಸೇರಿದರೆ ಒಟ್ಟು ತೂಕ ಒಂದು ಟನ್ನಿಗೂ ಮಿಕ್ಕುತ್ತದೆ. ಆದುದರಿಂದ ನೆಲಮಹಡಿಯ ಅಂಗಳವೇ ಉತ್ತಮ. ತಾರಸಿಯಲ್ಲಿ ಮಾಡಬೇಕಾದರೆ ಕಟ್ಟಡದ ಎಂಜಿನಿಯರರ ಲಿಖಿತ ಅಭಿಪ್ರಾಯವನ್ನೂ, ಗೃಹನಿರ್ಮಾಣ ಸೊಸೈಟಿಯ ಲಿಖಿತ ಸಮ್ಮತಿಯನ್ನೂ ಪಡೆಯಬೇಕು. ಹಳೆಯ ಚಾಳುಗಳಲ್ಲಿ, ಮಳೆಗೆ ನೆನೆದು ಸಡಿಲವಾದ ಬಾಲ್ಕನಿಗಳಲ್ಲಿ ಈ ಸಾಹಸ ಸರ್ವಥಾ ಕೂಡದು. ಅಲ್ಲಿರುವವರು 50–60 ಲೀಟರಿನ ಗಾಜಿನ ತೊಟ್ಟಿಯ ಮೇಲೆ ಒಂದು ತಟ್ಟೆ ಪುದೀನ ಬೆಳೆದು ತೃಪ್ತರಾಗುವುದು ಮೇಲು.

ಆರೋಗ್ಯದ ಎಚ್ಚರಿಕೆಗಳು

ಡೆಂಗಿ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೀನಿರುವ ತೊಟ್ಟಿಯಲ್ಲಿ ಭಯವಿಲ್ಲ. ಭಯವಿರುವುದು ಮೀನಿಲ್ಲದ ಬಕೆಟ್ಟು, ನೀರು ಹಿಡಿದಿಟ್ಟ ಡ್ರಮ್ಮು, ಮಡಿಯ ಮೇಲ್ಭಾಗಗಳಲ್ಲಿ. ಜಲ್ಲಿಯ ಮೇಲ್ಮೈಗಿಂತ ಒಂದು ಅಂಗುಲ ಕೆಳಗೇ ನೀರು ನಿಲ್ಲುವಂತೆ ಕೊಳವೆಯನ್ನು ಹೊಂದಿಸಬೇಕು. ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಬೇಕು. ಸೊಳ್ಳೆ ಮರಿ ಕಂಡರೆ ನಗರಸಭೆಯವರು ನೋಟೀಸು ಕೊಡುತ್ತಾರೆ, ಕೊಡುವುದು ನ್ಯಾಯವೇ.

ಕೈಯಲ್ಲಿ ಗಾಯವಿದ್ದಾಗ ತೊಟ್ಟಿಯ ನೀರಿಗೆ ಕೈ ಹಾಕಬಾರದು. ಮೀನಿನ ನೀರಿನಲ್ಲಿರುವ ಒಂದು ಬಗೆಯ ಮೈಕೋಬ್ಯಾಕ್ಟೀರಿಯಂನಿಂದ ಚರ್ಮದ ಮೇಲೆ ವಾರಗಟ್ಟಲೆ ಮಾಯದ ಗಂಟುಗಳು ಏಳಬಹುದು. ಅಂಥ ಗಂಟು ಕಂಡಾಗ ವೈದ್ಯರಿಗೆ ಮೀನು ಸಾಕಿರುವ ಸಂಗತಿಯನ್ನು ತಿಳಿಸಬೇಕು; ಇಲ್ಲದಿದ್ದರೆ ಅವರಿಗೆ ಸುಳಿವು ಸಿಗುವುದು ಕಷ್ಟ. ಇಲಿ, ಪಾರಿವಾಳಗಳ ಹಿಕ್ಕೆ ನೀರಿಗೆ ಬೀಳದಂತೆ ಜಾಲರಿ ಹಾಕಬೇಕು. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ತೊಟ್ಟಿಯ ನೀರು ಎಲೆಗೆ ತಾಗದಂತೆ ಬೇರಿಗೆ ಮಾತ್ರ ಹರಿಯಲಿ. ಸೊಪ್ಪನ್ನು ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಆದಷ್ಟೂ ಬೇಯಿಸಿಯೇ ಉಣ್ಣುವುದು ಲೇಸು.

ಗಿಡಕ್ಕೆ ಕೀಟನಾಶಕ ಸಿಂಪಡಿಸಿದರೆ ಮೀನು ಸಾಯುತ್ತದೆ. ಹುಳುಗಳನ್ನು ಕೈಯಿಂದಲೇ ಹೆಕ್ಕಬೇಕು. ಮನೆಯ ಅಟ್ಟದಲ್ಲಿರುವ ಹಿರಿಯರ ಕಾಲದ ತಾಮ್ರದ ಹಂಡೆ ಎಷ್ಟೇ ಸುಂದರವಾಗಿದ್ದರೂ ಮೀನಿಗೆ ಅದು ಒಲ್ಲದ ಮನೆ. ತಾಮ್ರ ಮೀನಿಗೆ ವಿಷ. ನೀರು–ವಿದ್ಯುತ್ ಒಂದೆಡೆ ಇರುವುದರಿಂದ ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನು ಅವಶ್ಯ ಹಾಕಿಸಬೇಕು. ಸಣ್ಣ ಮಕ್ಕಳಿರುವ ಮನೆಯಲ್ಲಿ ತೊಟ್ಟಿಯ ಬಾಯಿಗೆ ಭದ್ರವಾದ ಜಾಲರಿ ಇರಲಿ.

ಕೊನೆಯ ಮಾತು

ಮೀನಿನ ಬಗೆಗಿನ ತಿಳಿವಳಿಕೆ ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು ಮೀನುಗಳ ಬಗೆಗಳನ್ನು ವಿವರಿಸಿದ್ದಾನೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು, ಶಿಶಿಲದಲ್ಲಿ ಕಪಿಲೆಯ ಮೀನುಗಳನ್ನು ದೇವರ ಮೀನುಗಳೆಂದು ಇಂದಿಗೂ ಕಾಪಾಡುತ್ತ ಬಂದಿದ್ದಾರೆ. ಅಲ್ಲಿ ಪರವಾನಗಿ ಕಚೇರಿಯಿಲ್ಲ. ಹಿಡಿಯಬಾರದೆಂಬ ಕಟ್ಟಳೆಯುಂಟು, ಅದನ್ನು ಪಾಲಿಸುವ ಜನರಿದ್ದಾರೆ. ನಗರದಲ್ಲಿ ಆ ಕಟ್ಟಳೆಯ ಸ್ಥಾನವನ್ನು ಸರಕಾರದ ನಿಯಮಗಳು ತುಂಬಿವೆಯೆಂದು ಭಾವಿಸಿದರೆ ಅವು ಹೊರೆಯೆನಿಸುವುದಿಲ್ಲ.

ಓದುಗ ಬಾಂಧವರಲ್ಲಿ ಈ ಹವ್ಯಾಸವನ್ನು ಕೈಗೊಳ್ಳುವವರು ಮೂರು ಮಾತುಗಳನ್ನು ತೊಟ್ಟಿಯ ಮೇಲೆಯೇ ಬರೆದಿಡಬಹುದು. ಮರಿ ತರುವ ಮೊದಲು ನಿಯಮವನ್ನು ಓದು. ಮೀನು ಬಿಡುವ ಮೊದಲು ನಲವತ್ತು ದಿನ ಕಾಯು. ಬೇಡವಾದ ಮೀನನ್ನು ಕೊಟ್ಟವನಿಗೆ ಮರಳಿಸು ಅಥವಾ ಸಾಕುವ ಮತ್ತೊಬ್ಬನಿಗೆ ಕೊಡು, ನೀರಿಗೆ ಮಾತ್ರ ಬಿಡಬೇಡ. ಮಳೆಗಾಲದಲ್ಲಿ ತೊಟ್ಟಿ ತುಂಬಿ ಹರಿಯುವ ಕೊಳವೆಗೆ ಜಾಲರಿ ಕಟ್ಟುವುದೂ ಈ ಮೂರನೆಯ ಮಾತಿಗೇ ಸೇರಿದೆ. ಮುಂಬಯಿಯ ಮೀಠಿಯಾಗಲಿ, ಪುಣೆಯ ಮುಳಾ ಆಗಲಿ, ಹೈದರಾಬಾದಿನ ಮೂಸಿಯಾಗಲಿ ನಮಗೆ ಆಶ್ರಯ ಕೊಟ್ಟ ಊರಿನ ನದಿಗಳು. ಈಗಾಗಲೇ ಬಳಲಿರುವ ಅವುಗಳ ಖಾತೆಗೆ ನಮ್ಮ ಮನೆಯಿಂದ ಹೊಸ ಸಾಲವನ್ನು ಬರೆಸದಿರೋಣ.